ಹನ್ನೊಂದರ ಸ್ಯಾಂಪಲ್

ಮಾರ್ಚ್ ೧

ಇವತ್ತಿನಿಂದ ಮೂವತ್ತು ದಿನ ನಮಗೆ ರಜೆ ಇಲ್ಲ. ಜ್ವರ ಬರುವಂತಿಲ್ಲ, ಸಾಯುವಂತಂತೂ ಇಲ್ಲವೇ ಇಲ್ಲ. ಹೀಗೆ ಹೇಳಿ ನಕ್ಕವನು ಭಾವ.

ಧಣಿಗೆ ಗುಣಮಟ್ಟದ ಮುದ್ರೆ ಬೇಕಾಗಿದೆ. ನಾವು ಮಾಡುವುದು ನೀರು ಹಿಡಿಯದ ಸಿಮೆಂಟು. ತೇವದಲ್ಲಿಟ್ಟರೂ ಚೀಲದೊಳಗೆ ಗಂಟುಕಟ್ಟುವುದಿಲ್ಲ. ಮುದ್ರೆ ಇಲ್ಲದೆ ಅದನ್ನು ಮಾರುವಂತಿಲ್ಲ. ಮುದ್ರೆ ಕೊಡುವ ಕಚೇರಿಯ ಷರತ್ತುಗಳ ಪುಸ್ತಕ ನನ್ನ ಮೇಜಿನ ಮೇಲಿದೆ, ಹೆಬ್ಬೆರಳಿನಷ್ಟು ದಪ್ಪ. ಮೂವತ್ತು ದಿನ ಮಿಲ್ಲು ಒಂದೇ ಸಮನೆ ಓಡಬೇಕು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಗಂಟೆಗೊಂದು ಸ್ಯಾಂಪಲ್. ದಿನಾ ಅದೇ ಸಿಮೆಂಟಿನ ಕ್ಯೂಬು ಎರಕ ಹೊಯ್ದು, ಮೈಮೇಲೆ ತಾರೀಕು ಗೀಚಿ, ತೊಟ್ಟಿಯ ನೀರಲ್ಲಿ ಮುಳುಗಿಸಿಟ್ಟು, ಇಪ್ಪತ್ತೆಂಟನೇ ದಿನ ಒಡೆದು ಬಲ ನೋಡಬೇಕು. ರಿಜಿಸ್ಟರಿನಲ್ಲಿ ಸ್ಯಾಂಪಲ್ ತೆಗೆದವನ ಗುರುತು, ಪರೀಕ್ಷೆ ಮಾಡಿದವನ ಸಹಿ. ಒಂದು ಸಾಲು ಖಾಲಿ ಬಿದ್ದರೆ, ಒಂದು ಅಕ್ಷರ ತಿದ್ದಿದರೆ, ಮೂವತ್ತು ಮತ್ತೆ ಒಂದರಿಂದ ಶುರು.

ಸಹಿ ನನ್ನದು. ಸ್ಯಾಂಪಲ್ ತರುವವನು ಭಾವ, ಅಕ್ಕನ ಗಂಡ. ಮ್ಯಾನೇಜರ್ ಮನೆ ಬಾಗಿಲಲ್ಲಿ ಮೂರು ಭಾನುವಾರ ಕಾದು ನಿಂತು ನನಗೆ ಈ ಲ್ಯಾಬಿನ ಕೆಲಸ ಕೊಡಿಸಿದವನೂ ಅವನೇ. ತಾನು ಮಾತ್ರ ಹದಿನಾಲ್ಕು ವರ್ಷದಿಂದ ಸೈಲೋ ಮೇಲೆ. ಸಿಮೆಂಟು ತುಂಬಿಡುವ ಆ ಗೋಪುರಕ್ಕೆ ಎಂಬತ್ತೆರಡು ಮೆಟ್ಟಿಲಿನ ಕಬ್ಬಿಣದ ಏಣಿ. ಗಂಟೆಗೊಮ್ಮೆ ಹತ್ತಿ, ಮೇಲಿನ ಕೊಳವೆಯಿಂದ ತಗಡಿನ ಡಬ್ಬಿಗೆ ಸಿಮೆಂಟು ಹಿಡಿದು ಇಳಿಯಬೇಕು.

ಭಾವನಿಗೆ ಓದು ಬರಹ ಇಲ್ಲ. ಗುರುತು ಏನು ಹಾಕ್ತೀಯ ಅಂದರೆ ಎರಡು ಉದ್ದ ಗೆರೆ ಎಳೆದು ನಡುವೆ ಮೂರು ಅಡ್ಡ ಗೆರೆ ಹಾಕಿದ. ಏಣಿ.

"ದಿನಾ ಹತ್ತೋದು ಅದನ್ನೇ. ಇನ್ನೇನ್ ಬರೀಲಿ ಹೇಳು."

ಮಧ್ಯಾಹ್ನದ ಹೊತ್ತಿಗೆ, ಕೈಯೆಲ್ಲ ಧೂಳು, ಪುಟ ಹಾಳಾಗುತ್ತೆ, ನೀನೇ ಹಾಕಿಬಿಡು ಅಂದ. ಆರು ಏಣಿ ನಾನೇ ಬರೆದೆ. ಬರೆದು ಹತ್ತುವುದು ಸುಲಭ.

ಮಾರ್ಚ್ ೬

ಹನಿ ಪರೀಕ್ಷೆ ಮಕ್ಕಳಾಟ. ತಟ್ಟೆಯಲ್ಲಿ ಸಿಮೆಂಟು ಹರಡಿ, ಡ್ರಾಪರಿನಿಂದ ಒಂದು ಹನಿ ನೀರು ಬಿಟ್ಟು, ಗಡಿಯಾರ ನೋಡುತ್ತ ಕೂರುವುದು. ಹನಿ ಐದು ನಿಮಿಷ ಇಂಗದೆ ಗುಂಡಗೆ ನಿಂತರೆ ಪಾಸ್. ಸ್ಯಾಂಪಲನ್ನು ಚಮಚದಲ್ಲೇ ತೆಗೆಯಬೇಕು, ಕೈಯಿಂದ ಉಜ್ಜಬಾರದು. ಅರೆಯುವಾಗ ಹಾಕುವ ಎಣ್ಣೆಯಂಥ ಆಮ್ಲ ಕಣಕಣಕ್ಕೂ ಪೊರೆಯಾಗಿ ಅಂಟಿರುತ್ತದೆ. ಉಜ್ಜಿದರೆ ಪೊರೆ ಹೋಗುತ್ತದೆ, ಹನಿ ಇಂಗುತ್ತದೆ.

ಪುಸ್ತಕವನ್ನು ಇವತ್ತು ಪೂರ್ತಿ ಓದಿದೆ. ಚೀಲದ ಹೊಲಿಗೆಗೆ ಒಂದೂವರೆ ಪುಟ. ಚೀಲ ತುಂಬುವ ಹೆಂಗಸರ ಎದೆಗೂಡಿಗೆ ಅರ್ಧ ಸಾಲೂ ಇಲ್ಲ. ಸಿಮೆಂಟಿಗೆ ತೇವ ತಾಗಬಾರದು. ಮನುಷ್ಯನಿಗೆ ಏನು ತಾಗಿದರೂ ನಡೆಯುತ್ತದೆ. ಇದನ್ನು ಬರೆದವನನ್ನು ಒಂದು ದಿನ, ಒಂದೇ ದಿನ, ಆ ಏಣಿ ಹತ್ತಿಸಬೇಕು.

ಭಾವ ಸೊಂಟಕ್ಕೆ ಕಟ್ಟಿಕೊಳ್ಳಲು ಹಗ್ಗ ಕೇಳಿದ್ದಾನೆ. ಮುದ್ರೆ ಬರಲಿ, ಹಗ್ಗ ಆಮೇಲೆ ಅಂದನಂತೆ ಮ್ಯಾನೇಜರ್. ಇವನಿಗೆ ನಾವೆಲ್ಲ ಐಸು ಅನ್ನುತ್ತೇವೆ. ಎಂದೂ ದನಿ ಏರಿಸುವವನಲ್ಲ. ಹಲ್ಕಾ ನನ್ನ ಮಗ, ಕತ್ತು ಕುಯ್ಯುವಾಗಲೂ ನೋವಾಯ್ತಾ ಅಂತ ಕೇಳಿಯೇ ಕುಯ್ಯುವಂಥವನು.

ಮಾರ್ಚ್ ೧೪

ಅಕ್ಕ ಊಟಕ್ಕೆ ಕರೆದಿದ್ದಳು. ಭಾವನಿಗೆ ಕೆಮ್ಮು. ಅವನ ಬನಿಯನ್ನು ಎರಡು ಸಲ ಒಗೆದರೂ ಒದ್ದೆಯೇ ಆಗುವುದಿಲ್ಲ, ನೀರು ಜಾರಿಹೋಗುತ್ತದೆ ಅಂತ ಅಕ್ಕ ಬೈದಳು. ನಿನ್ನ ಗಂಡನಿಗೂ ಮುದ್ರೆ ಹೊಡೆಸೋಣ ಅಂದೆ. ಮಗು ಬಿದ್ದು ಬಿದ್ದು ನಕ್ಕಿತು.

ಮಾರ್ಚ್ ೧೯

ಬರೆಯಲೇಬೇಕು. ಇವತ್ತೇ ಬರೆಯದಿದ್ದರೆ ನಾಳೆ ನಾನೇ ಬೇರೆ ಥರ ಹೇಳಿಬಿಡುತ್ತೇನೆ.

ಎಂಟು, ಒಂಬತ್ತು, ಹತ್ತರ ಸ್ಯಾಂಪಲ್ ಬಂದವು. ಮೂರಕ್ಕೂ ಭಾವನೇ ಏಣಿ ಹಾಕಿದ, ಪುಟದ ಮೇಲೆ ಬೂದು ಹೆಬ್ಬೆಟ್ಟಿನ ಗುರುತು ಬಿಟ್ಟು ಹೋದ. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಮೇಲಿಂದ ಕೂಗಿದ. ಕೊಳವೆ ಕಟ್ಟಿಕೊಂಡಿದೆ, ಮಿಲ್ಲು ನಿಲ್ಲಿಸಿ ಶುಚಿ ಮಾಡುವವರನ್ನು ಕರೀಬೇಕು ಅಂದ.

ಮಿಲ್ಲು ನಿಂತರೆ ಸಾಲು ಖಾಲಿ. ಕಿಟಕಿಯಿಂದ ತಲೆ ಹೊರಗೆ ಹಾಕಿ ನಾನು ಕೂಗಿದೆ. ಐಸು ಅಲ್ಲ, ಧಣಿ ಅಲ್ಲ, ನಾನು.

"ಹತ್ತೇ ನಿಮಿಷ ಇದೆ ಭಾವಾ, ಹೇಗಾದ್ರೂ ಮಾಡಿ ಹನ್ನೊಂದರದ್ದು ಕೊಟ್ಬಿಡು."

ಸರಿ ಅನ್ನುವಂತೆ ಕೈ ಬೀಸಿದ. ಸೈಲೋದ ಮುಚ್ಚಳ ತೆಗೆದು, ಸರಳು ಹಿಡಿದು ಒಳಗಿಳಿದ. ಒಳಗೆ ಸಿಮೆಂಟು ಮೇಲ್ಗಡೆ ಹೆಪ್ಪುಗಟ್ಟಿ ನೆಲದ ಹಾಗೆ ಕಾಣುತ್ತದೆ, ಕೆಳಗೆ ಟೊಳ್ಳು. ಅದು ಒಡೆಯಿತು. ಹಗ್ಗ ಇರಲಿಲ್ಲ.

ಅವನನ್ನು ತೆಗೆಯಲು ನಲವತ್ತು ನಿಮಿಷ ಹಿಡಿಯಿತು. ಕೆಳಗಿನ ಬಾಯಿ ತೆರೆದು, ಸಿಮೆಂಟು ಬರುವ ದಾರಿಯಲ್ಲೇ ಎಳೆದೆವು. ಐಸು ಬಂದವನೇ ಮೊದಲು ಕೇಳಿದ್ದು, ಮಿಲ್ಲು ಎಷ್ಟು ಹೊತ್ತಿಗೆ ನಿಂತಿತು ಅಂತ. ಜೀಪು ಆಸ್ಪತ್ರೆಗೆ ಹೋಗಲಿಲ್ಲ, ಕಂಪನಿ ಕ್ವಾರ್ಟರ್ಸಿನ ಭಾವನ ಮನೆಗೆ ಹೋಯಿತು.

ಮಧ್ಯಾಹ್ನ ಅಕ್ಕ, ನಾನು ಸೇರಿ ತೊಳೆದೆವು. ಕೊಡಗಟ್ಟಲೆ ಸುರಿದರೂ ನೀರು ಹಿಡಿಯಲಿಲ್ಲ. ಹಣೆಯ ಮೇಲೆ, ರೆಪ್ಪೆಯ ಮೇಲೆ, ತುಟಿಯ ಮೇಲೆ ಹನಿಗಳು ಗುಂಡಗೆ ನಿಂತವು. ಗೋಡೆಯಲ್ಲಿ ಗಡಿಯಾರ ಇತ್ತು. ನೋಡಿದೆ. ಹಣೆಯ ಹನಿ ಐದು ನಿಮಿಷ ಇಂಗಲಿಲ್ಲ. ಪಾಸ್ ಅಂದಿತು ನನ್ನ ಮನಸ್ಸು. ಥೂ ನನ್ನ ಜನ್ಮಕ್ಕೆ.

"ಏನ್ ನೋಡ್ತಾ ಕೂತಿದ್ಯಾ ಪುಟ್ಟಾ, ಉಜ್ಜು," ಅಂದಳು ಅಕ್ಕ. ಅಂಗೈಯಲ್ಲಿ ಉಜ್ಜತೊಡಗಿದಳು. ಉಜ್ಜಿದ ಕಡೆ ಮಾತ್ರ ನೀರು ತಾಗಿತು. ಮುಖ ಮುಗಿಸಲು ಒಂದು ಗಂಟೆ ಬೇಕಾಯಿತು.

ಮಾರ್ಚ್ ೨೦

ಬೆಳಿಗ್ಗೆ ಎಂಟರೊಳಗೆ ಮಣ್ಣು ಮಾಡಿದೆವು. ಗುಂಡಿಯ ಪಕ್ಕವೇ ಐಸು ನನ್ನ ಹೆಗಲ ಮೇಲೆ ಕೈಯಿಟ್ಟು, ನಿನ್ನೆಯ ಏಳು ಸಾಲು ಖಾಲಿ ಇವೆಯಲ್ಲ ಅಂದ. ಆಗಲ್ಲ ಅಂದೆ. ಒತ್ತಾಯ ಮಾಡಲಿಲ್ಲ.

"ಹತ್ತೊಂಬತ್ತು ದಿನ ಏಣಿ ಹತ್ತಿದ್ದಾನೆ ನಿನ್ನ ಭಾವ. ಅದನ್ನೂ ನೀರಿಗೆ ಹಾಕ್ತೀಯಾ? ಯೋಚನೆ ಮಾಡು."

ಯೋಚನೆ ಮಾಡಿದೆ. ನಾನು ಕೆಲಸ ಕಳೆದುಕೊಂಡರೆ ಅಕ್ಕನನ್ನು, ಮಗುವನ್ನು ನೋಡುವವರು ಯಾರು? ಈ ಏಳು ಸಾಲಿನಿಂದ ಭಾವ ಎದ್ದು ಬರುವುದಿಲ್ಲ. ಬರೆಯದಿದ್ದರೂ ಬರುವುದಿಲ್ಲ.

ಮಧ್ಯಾಹ್ನ ಬಾಗಿಲು ಹಾಕಿಕೊಂಡು ಬರೆದೆ. ಹನ್ನೊಂದು: ಐದು ನಿಮಿಷ, ಪಾಸ್. ಹನ್ನೆರಡು: ಐದು ನಿಮಿಷ, ಪಾಸ್. ಹೀಗೆ ಸಂಜೆ ಐದರವರೆಗೆ. ಹೊಸದಾಗಿ ಕ್ಯೂಬು ಹೊಯ್ದು ಮೈಮೇಲೆ ೧೯ ಅಂತ ಗೀಚಿದೆ. ಮುಗಿಸಿ ಪುಟ ನೋಡಿದೆ. ಸ್ಯಾಂಪಲ್ ತೆಗೆದವನ ಕಾಲಮ್ಮಿನಲ್ಲಿ ಏಳು ಏಣಿ. ದಿನಾ ಬರೆದ ರೂಢಿ, ಕೈ ತನ್ನಷ್ಟಕ್ಕೆ ಬರೆದುಬಿಟ್ಟಿದೆ. ಬೇರೆ ಯಾರ ಹೆಸರಾದರೂ ಹಾಕಬೇಕಿತ್ತು. ಈಗ ತಿದ್ದುವಂತಿಲ್ಲ. ತಿದ್ದಿದರೆ ರದ್ದು.

ಮಾರ್ಚ್ ೨೧

ಐಸು ರಿಜಿಸ್ಟರು ನೋಡಿದ. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಪೆನ್ನಿನ ತುದಿಯಿಂದ ಏಣಿಗಳನ್ನು ಒಂದೊಂದಾಗಿ ಎಣಿಸಿದ. ಕೈ ತಪ್ಪಿ ಆಯ್ತು ಸಾರ್ ಅಂದೆ.

"ತಪ್ಪೇನಿಲ್ಲ. ತುಂಬ ಚೆನ್ನಾಗಿದೆ. ಹೀಗೇ ಇರಲಿ."

ನನಗೆ ಕುರ್ಚಿಯನ್ನು ಅವನೇ ಎಳೆದುಕೊಟ್ಟ. ಆರು ವರ್ಷದಲ್ಲಿ ಮೊದಲ ಸಲ.

ಸಂಜೆ ಗೊತ್ತಾಯಿತು. ಭಾವ ಮೊನ್ನೆ ಕೆಲಸ ಮುಗಿಸಿ ಹೋಗಿ, ಸಂಜೆ ಏಳಕ್ಕೆ ಮನೆಯಲ್ಲಿ ಉಸಿರಾಟದ ತೊಂದರೆಯಿಂದ ಸತ್ತ ಎಂದು ಕಂಪನಿಯ ಡಾಕ್ಟರು ಕಾಗದ ಬರೆದುಕೊಟ್ಟರಂತೆ. ಅದು ಡಾಕ್ಟರ ವಿಷಯ. ನನ್ನ ರಿಜಿಸ್ಟರಿಗೂ ಅದಕ್ಕೂ ಸಂಬಂಧ ಇಲ್ಲ.

ಮಾರ್ಚ್ ೩೦

ಏಣಿಗೆ ದಿನಗೂಲಿಯವನೊಬ್ಬನನ್ನು ಹತ್ತಿಸಿ ಮೂವತ್ತು ಮುಗಿಸಿದೆವು. ಒಂದು ಸಾಲೂ ಖಾಲಿ ಇಲ್ಲ.

ಏಪ್ರಿಲ್ ೪

ಪ್ಯಾಕಿಂಗಿನ ಸಂಘದ ಮುಖಂಡ ಬಂದಿದ್ದ. ಬಾವುಟ ಬಿಟ್ಟು ಎಲ್ಲೂ ಹೋಗದವನು, ಹಾಗಾಗಿ ಎಲ್ಲರ ಬಾಯಲ್ಲೂ ಬಾವುಟದಣ್ಣ. ಜೊತೆಗೆ ಅಕ್ಕ. ಕಾರ್ಮಿಕ ಅಧಿಕಾರಿಗೆ ಅರ್ಜಿ ಹಾಕಿದ್ದಾರೆ. ಸಾವು ಸೈಲೋದಲ್ಲಿ ಆಯಿತು ಅಂತ ತೀರ್ಮಾನವಾದರೆ ಭಾವನ ಕೆಲಸ ಅಕ್ಕನಿಗೆ, ಮನೆಯೂ ಅವಳಿಗೇ ಉಳಿಯುತ್ತದೆ. ಮನೆಯಲ್ಲಿ ಸತ್ತದ್ದು ಅಂತಾದರೆ ಮೇ ತಿಂಗಳಲ್ಲಿ ಮನೆ ಖಾಲಿ ಮಾಡಬೇಕು.

ನೀನು ಒಂದೇ ಮಾತು ಹೇಳಬೇಕು, ಹನ್ನೊಂದಕ್ಕೆ ಸತ್ತ ಅಂತ, ಅಷ್ಟೇ ಸಾಕು ಅಂದ ಬಾವುಟದಣ್ಣ. ಯೋಚನೆ ಮಾಡಿ ಹೇಳುತ್ತೇನೆ ಅಂದೆ.

"ಇದರಲ್ಲಿ ಯೋಚನೆ ಮಾಡೋದೇನಿದೆ ಪುಟ್ಟಾ?" ಅಂದಳು ಅಕ್ಕ.

ಅವಳಿಗೆ ಏನು ಗೊತ್ತು. ಒಂದು ಮಾತು ಅಂದರೆ ಏಳು ಸಾಲು. ಏಳು ಸಾಲು ಅಂದರೆ ಮೂವತ್ತು ದಿನ, ಮೂವತ್ತು ದಿನ ಅಂದರೆ ಇನ್ನೂರು ಜನರ ಕೆಲಸ. ಬಾವುಟದವನಿಗೆ ಇದು ಬೇಕಿಲ್ಲ. ಹೆಣ ಒಂದು ಸಿಕ್ಕರೆ ಇವರಿಗೆ ಹಬ್ಬ.

ಏಪ್ರಿಲ್ ೧೧

ಪರೀಕ್ಷೆಯ ಹೊಣೆ ಹೊತ್ತ ಕಾಯಂ ವ್ಯಕ್ತಿಯೊಬ್ಬನ ಹೆಸರನ್ನು ನಮೂದಿಸಬೇಕು ಎಂಬುದು ಪುಸ್ತಕದ ಇನ್ನೊಂದು ಷರತ್ತು. ಮ್ಯಾನೇಜರ್ ನನ್ನ ಹೆಸರು ಬರೆದಿದ್ದಾರೆ. ಗುಣಮಟ್ಟ ಅಧಿಕಾರಿ. ಬಿಳಿ ಕೋಟು ಹೊಲಿಸಲು ಅಳತೆ ತೆಗೆದುಕೊಂಡು ಹೋದರು.

ಪುಸ್ತಕ ನಾನು ಅಂದುಕೊಂಡಷ್ಟು ಕೆಟ್ಟದ್ದಲ್ಲ. ತಾಳ್ಮೆಯಿಂದ ಓದಿದರೆ ಪ್ರತಿ ಷರತ್ತಿಗೂ ಕಾರಣ ಇದೆ. ಚೀಲದ ಹೊಲಿಗೆ ಸಡಿಲವಾದರೆ ಧೂಳು ಸೋರುತ್ತದೆ, ತೂಕ ಕಡಿಮೆಯಾಗುತ್ತದೆ. ಒಂದೂವರೆ ಪುಟ ಬೇಕೇ ಬೇಕು.

ಅಕ್ಕನ ಮನೆ ಕಡೆ ಹೋಗಲಾಗಲಿಲ್ಲ. ಕೆಲಸ.

ಏಪ್ರಿಲ್ ೧೬

ಮುದ್ರೆ ಕಚೇರಿಯ ತಪಾಸಣಾಧಿಕಾರಿ ಬಂದಿದ್ದರು. ಸಭ್ಯ ಮನುಷ್ಯ. ಬೂಟಿಗೆ ಧೂಳಾಗದಂತೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದರು. ರಿಜಿಸ್ಟರಿನ ಒಂದೊಂದು ಪುಟ ತಿರುಗಿಸಿದರು. ಮಾರ್ಚ್ ೧೯ರ ಪುಟದ ಮೇಲಿನ ಮೂರು ಬೂದು ಹೆಬ್ಬೆಟ್ಟು ನೋಡಿ ಇದೇನು ಅಂದರು. ಸ್ಯಾಂಪಲ್ ತೆಗೆಯುವವರ ಕೈ ಗಲೀಜು, ಮುಂದೆ ಹೀಗಾಗದು ಅಂದೆ. ಸ್ವಚ್ಛತೆ ಇರಲಿ ಅಂತ ಬರೆದುಕೊಂಡರು. ಇಡೀ ತಪಾಸಣೆಯಲ್ಲಿ ಅದೊಂದೇ ಆಕ್ಷೇಪ.

ಆ ೧೯ರ ಕ್ಯೂಬನ್ನು ಅವರ ಎದುರೇ ಒತ್ತು ಯಂತ್ರಕ್ಕೆ ಇಟ್ಟೆ. ಮುಳ್ಳು ಏರುತ್ತಲೇ ಹೋಯಿತು. ಈವರೆಗೆ ಒಡೆದ ಎಲ್ಲ ಕ್ಯೂಬುಗಳ ಪೈಕಿ ಅದೇ ಹೆಚ್ಚು ಗಟ್ಟಿ. ಒಡೆದಾಗ ಬಂದ ಸದ್ದಿಗೆ ಹೊರಗಿದ್ದವರೂ ತಿರುಗಿ ನೋಡಿದರು.

ಎರಕ ನನ್ನದೇ. ಹೆಮ್ಮೆಯಾಯಿತು.

ಏಪ್ರಿಲ್ ೨೪

ಕಾರ್ಮಿಕ ಅಧಿಕಾರಿಯ ಮುಂದೆ ವಿಚಾರಣೆ. ಕಂಪನಿಯ ಪರವಾಗಿ ಮ್ಯಾನೇಜರ್ ಮತ್ತು ನಾನು. ಸಂಘ ಹೆಸರಿಸಿದ್ದ ನಾಲ್ವರು ಸಾಕ್ಷಿಗಳಲ್ಲಿ ಇಬ್ಬರಿಗೆ ಹಿಂದಿನ ವಾರ ದೂರದ ಘಟಕಕ್ಕೆ ವರ್ಗವಾಗಿತ್ತು, ಇಬ್ಬರು ಬರಲಿಲ್ಲ. ಮುಖಂಡನೊಬ್ಬನೇ ಮೇಜು ಕುಟ್ಟಿ ಮಾತಾಡಿದ. ಅಧಿಕಾರಿ ಮೇಜು ಕುಟ್ಟಬಾರದು ಎಂದರು.

ರಿಜಿಸ್ಟರನ್ನು ಮಂಡಿಸಲಾಯಿತು. ಬರಹ ಯಾರದು ಎಂದು ಕೇಳಿದರು. ನನ್ನದು ಎಂದೆ. ಹನ್ನೊಂದರಿಂದ ಐದರವರೆಗೆ ಸ್ಯಾಂಪಲ್ ತೆಗೆದವರು ಯಾರು ಎಂದು ಕೇಳಿದರು. ಗುರುತಿನ ಪ್ರಕಾರ ಮೃತರು ಎಂದೆ. ಗುರುತಿನ ಪ್ರಕಾರ ಎಂಬುದು ಸುಳ್ಳಲ್ಲ. ಅಲ್ಲಿರುವುದು ಅವರದೇ ಗುರುತು. ಹೀಗೆ ಹೇಳಿದರೆ ನಿನ್ನ ನಾಲಗೆ ಹೊಲಸಾಗದು ಎಂದು ಮ್ಯಾನೇಜರ್ ಮೊದಲೇ ತಿಳಿಸಿದ್ದರು. ತಿಳಿದವರು.

ಅರ್ಜಿದಾರರು ಪುಟವನ್ನು ನೋಡಬೇಕೆಂದರು. ಓದು ಬಾರದವರಾದರೂ ಅಧಿಕಾರಿ ಅವಕಾಶ ಕೊಟ್ಟರು. ಅವರು ಬೆರಳಿಟ್ಟು ಏಣಿಗಳನ್ನು ಮೇಲಿಂದ ಕೆಳಗೆ ಎಣಿಸಿದರು. ಮೂರನೆಯದರ ಬಳಿ ಬೆರಳು ನಿಂತಿತು. ಇಲ್ಲಿವರೆಗೆ ಅವನ ಧೂಳಿದೆ, ಇದರಿಂದಾಚೆ ಪುಟ ತೊಳೆದ ಹಾಗಿದೆ ಎಂದರು. ಧೂಳು ದಾಖಲೆಯಲ್ಲ ಎಂದು ಅಧಿಕಾರಿ ಸ್ಪಷ್ಟಪಡಿಸಿದರು. ಆಗ ಅವರು ನನ್ನ ಕಡೆ ತಿರುಗಿದರು.

"ಐದು ಗಂಟೆ ತನಕ ಏಣಿ ಹತ್ತಿದ್ನಾ? ಹಾಗಾದ್ರೆ ಮಧ್ಯಾಹ್ನ ನಾನೂ ನೀನೂ ಸೇರ್ಕೊಂಡು ತೊಳೆದದ್ದು ಯಾರನ್ನ ಪುಟ್ಟಾ?"

ಪ್ರಶ್ನೆಗಳನ್ನು ಅಧಿಕಾರಿಯ ಮೂಲಕವೇ ಕೇಳತಕ್ಕದ್ದು ಎಂಬ ನಿಯಮವಿದೆ. ಆದ್ದರಿಂದ ಉತ್ತರಿಸುವ ಅಗತ್ಯ ಬೀಳಲಿಲ್ಲ.

ಏಪ್ರಿಲ್ ೨೫

ಅರ್ಜಿ ವಜಾ.

ಮೇ ೬

ಮುದ್ರೆ ಬಂತು. ಧಣಿಗಳು ಎಲ್ಲರಿಗೂ ಸಿಹಿ ಹಂಚಿಸಿದರು. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಲ್ಯಾಬಿನ ಗೋಡೆಗೆ ತೂಗುಹಾಕಿದ್ದೇವೆ. ಮೊಳೆ ಹೊಡೆದವನು ನಾನೇ. ಮುದ್ರೆ ಸಿಕ್ಕಿದ ಮೇಲೂ ಗಂಟೆಯ ಸ್ಯಾಂಪಲ್ ನಿಲ್ಲುವಂತಿಲ್ಲ. ಒಂದು ಸ್ಯಾಂಪಲ್ ಫೇಲಾದರೂ ತಕ್ಷಣ ಅವರಿಗೆ ತಿಳಿಸಬೇಕು, ಮುದ್ರೆ ಅಮಾನತು.

ಬಿಳಿ ಕೋಟು ಬಗಲಲ್ಲಿ ಸ್ವಲ್ಪ ಬಿಗಿ.

ಮೇ ೯

ಮೃತರ ಪತ್ನಿಗೆ ಮನೆ ಖಾಲಿ ಮಾಡಲು ಮೂರು ದಿನ ಗಡುವು ಕೊಡಲಾಗಿತ್ತು. ಮಾನವೀಯತೆಯ ದೃಷ್ಟಿಯಿಂದ ಮ್ಯಾನೇಜರ್ ಒಂದು ದಾರಿ ಸೂಚಿಸಿದರು. ಸಂಘದ ಸಹವಾಸ ಬಿಟ್ಟು, ಮೇಲ್ಮನವಿ ಹಾಕುವುದಿಲ್ಲವೆಂದು ಹೆಬ್ಬೆಟ್ಟು ಒತ್ತಿದರೆ ದಿನಗೂಲಿಯ ಮೇಲೆ ಸ್ಯಾಂಪಲ್ ತೆಗೆಯುವ ಕೆಲಸ. ಮನೆಯಲ್ಲಿ ಸದ್ಯಕ್ಕೆ ಇರಬಹುದು. ಕೆಲಸ ಕಾಯಂ ಅಲ್ಲ, ಮನೆಯೂ ಅಲ್ಲ.

ಒಪ್ಪಿಗೆ ತರಲು ನನ್ನನ್ನೇ ಕಳಿಸಿದರು. ಹೊಸ್ತಿಲಾಚೆಯೇ ನಿಂತು ಹೇಳಿದೆ. ಮಗು ಮಾಮ ಅಂತ ಓಡಿಬಂತು, ಅವರು ಅದರ ರಟ್ಟೆ ಹಿಡಿದು ಹಿಂದಕ್ಕೆಳೆದರು. ಕಾಗದ ತೆಗೆದುಕೊಂಡು ಹೆಬ್ಬೆಟ್ಟು ಒತ್ತಿದರು. ಬುದ್ಧಿ ಬಂದಿದೆ.

ಮೇ ೧೨

ಸ್ಯಾಂಪಲ್ ತೆಗೆಯುವ ಹೊಸ ಕೆಲಸಗಾರ್ತಿ ಹಾಜರು. ಡಬ್ಬಿ ಹಳೆಯದೇ.

ಎಂಟರ ಸ್ಯಾಂಪಲಿನ ಮೇಲೆ ಹನಿ ಬಿಟ್ಟೆ. ಬಿದ್ದ ಕ್ಷಣವೇ ಇಂಗಿತು. ತಟ್ಟೆ ಬದಲಿಸಿದೆ, ಡ್ರಾಪರು ಬದಲಿಸಿದೆ. ಇಂಗಿತು. ಆಮ್ಲದ ಅಳತೆ ಸರಿಯಿದೆಯೇ ಎಂದು ಮಿಲ್ಲಿಗೆ ಫೋನು ಮಾಡಿದೆ. ಸರಿಯಿದೆ. ಒಂಬತ್ತರದ್ದೂ ಇಂಗಿತು. ಹತ್ತರದ್ದೂ. ಮೂರಕ್ಕೂ ಪಾಸ್ ಎಂದು ಬರೆದೆ.

ಹನ್ನೊಂದರ ಹೊತ್ತಿಗೆ ಕಿಟಕಿಯ ಬಳಿ ನಿಂತೆ. ಆಕೆ ಏಣಿ ಇಳಿದು, ಕೊನೆಯ ಮೆಟ್ಟಿಲ ಮೇಲೆ ಕೂತು, ಡಬ್ಬಿಯ ಮುಚ್ಚಳ ತೆಗೆದು, ಸಿಮೆಂಟನ್ನು ಮುಷ್ಟಿ ಮುಷ್ಟಿ ಎತ್ತಿ ಎರಡು ಅಂಗೈಗಳ ನಡುವೆ ಉಜ್ಜುತ್ತಿದ್ದಳು. ಕದ್ದುಮುಚ್ಚಿ ಅಲ್ಲ. ಪ್ಯಾಕಿಂಗಿನವರು ನೋಡುತ್ತಿದ್ದರು, ನಾನು ನೋಡುತ್ತಿದ್ದೆ, ಆಕೆಗೂ ಅದು ಗೊತ್ತಿತ್ತು. ಮುಗಿಸಿ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟಳು. ಅಂಗೈ ಸುಲಿದಿತ್ತು.

ಸ್ಯಾಂಪಲನ್ನು ಉಜ್ಜುವುದು ನಿಯಮಕ್ಕೆ ವಿರುದ್ಧ ಎಂದು ತಿಳಿಸಿದೆ.

"ಉಜ್ಜದೆ ಹೋಗಲ್ಲ ಸಾರ್. ಅವತ್ತು ನೀವೂ ನೋಡಿದ್ರಲ್ಲ."

ಹನಿ ಬಿಟ್ಟೆ. ಇಂಗಿತು. ಆಕೆ ಗೋಡೆಯ ಗಡಿಯಾರದ ಕಡೆ ನೋಡುತ್ತ ನಿಂತಳು. ಕದಲಲಿಲ್ಲ. ಐದು ನಿಮಿಷ ನಾವಿಬ್ಬರೂ ಒದ್ದೆ ಸಿಮೆಂಟಿನ ಮುಂದೆ ನಿಂತಿದ್ದೆವು.

"ಈಗ ಬರೀರಿ ಸಾರ್. ಐದು ನಿಮಿಷ ನಿಂತಿತು ಅಂತ ಬರೀರಿ. ನಿಮಗೆ ಬರುತ್ತಲ್ಲ."

ಮ್ಯಾನೇಜರಿಗೆ ದೂರು ಕೊಟ್ಟರೆ ಬೆಳಿಗ್ಗಿನ ಮೂರು ಸಾಲು ಹೇಗೆ ಪಾಸಾದವು ಎಂದು ಕೇಳುತ್ತಾರೆ. ಫೇಲು ಎಂದು ಬರೆದರೆ ಮುದ್ರೆ ಹೋಗುತ್ತದೆ. ಬರೆದೆ. ಆಕೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ತನ್ನ ಗುರುತು ಹಾಕಿದಳು. ಎರಡು ಉದ್ದ ಗೆರೆ, ಮೂರು ಅಡ್ಡ ಗೆರೆ. ಪುಟದ ಮೇಲೆ ಹೆಬ್ಬೆಟ್ಟಿನ ಬೂದು ಬಣ್ಣ, ಅದರ ಅಂಚಿನಲ್ಲಿ ಒಂದಿಷ್ಟು ರಕ್ತ. ಸ್ವಚ್ಛತೆಯ ಬಗ್ಗೆ ಮೊದಲೇ ಆಕ್ಷೇಪ ಇದೆ, ನಾಳೆಯಿಂದ ಕೈ ತೊಳೆದು ಬರಲು ಸೂಚಿಸಬೇಕು.

ಹೋಗುವಾಗ ಬಾಗಿಲಲ್ಲಿ ನಿಂತು, ಏಣಿಗೆ ಹಗ್ಗ ಯಾವಾಗ ಬರುತ್ತೆ ಎಂದು ಕೇಳಿದಳು. ಬೇಡಿಕೆ ಪತ್ರ ಕಳಿಸಲಾಗುವುದು ಎಂದೆ.

ಇಂದಿನ ಸ್ಯಾಂಪಲ್ ಹತ್ತು. ಹತ್ತೂ ಪಾಸ್.